ಮೂರು ಸರ್ವರ್‌ಗಳ ಮೇಲ್ ಕ್ಲಸ್ಟರ್‌ಗೆ ಸರ್ವಿಸ್ ಪ್ಯಾಕ್: ಮೊದಲು ಹಾಸನವೋ, ಚಿಕ್ಕಮಗಳೂರೋ?

ಪ್ರಶ್ನೆ – ಹಾಸನದಿಂದ

ಎಲ್ಲರಿಗೂ ನಮಸ್ಕಾರ. ಹಾಸನದ ಕಾಫಿ ಕ್ಯೂರಿಂಗ್ ಮತ್ತು ರಫ್ತು ಸಂಸ್ಥೆಯೊಂದರಲ್ಲಿ ಸರ್ವರ್‌ಗಳ ಉಸ್ತುವಾರಿ ನನ್ನದು. ನಮ್ಮ ಮೇಲ್ ವ್ಯವಸ್ಥೆ ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ 2019ರ ಮೇಲೆ, ಸಿಯು14ರ (ಹದಿನಾಲ್ಕನೇ ಕ್ಯುಮುಲೇಟಿವ್ ಅಪ್‌ಡೇಟ್) ಮಟ್ಟದಲ್ಲಿ ನಡೆಯುತ್ತಿದೆ. ಮೂರು ಸರ್ವರ್‌ಗಳು ಸೇರಿ ಒಂದು ಡ್ಯಾಗ್ (ಡೇಟಾಬೇಸ್‌ಗಳ ಪ್ರತಿಗಳನ್ನು ಇಟ್ಟುಕೊಂಡು, ಒಂದು ಬಿದ್ದರೆ ಇನ್ನೊಂದು ವಹಿಸಿಕೊಳ್ಳುವ ಸರ್ವರ್ ಗುಂಪು). ಅವುಗಳಲ್ಲಿ ಎರಡು ಹಾಸನದ ಮುಖ್ಯ ಕಚೇರಿಯಲ್ಲಿವೆ, ಮೂರನೆಯದು ಚಿಕ್ಕಮಗಳೂರಿನ ನಮ್ಮ ಕ್ಯೂರಿಂಗ್ ವರ್ಕ್ಸ್‌ನಲ್ಲಿದೆ. ಡೇಟಾಬೇಸ್‌ಗಳು ನಾಲ್ಕು, ಪ್ರತಿಯೊಂದಕ್ಕೂ ಮೂರು ಸರ್ವರ್‌ಗಳಲ್ಲೂ ಒಂದೊಂದು ಪ್ರತಿ ಇದೆ, ಮೇಲ್‌ಬಾಕ್ಸ್‌ಗಳು ಸುಮಾರು 400. ದಿನನಿತ್ಯ ಎಲ್ಲ ಡೇಟಾಬೇಸ್‌ಗಳೂ ಹಾಸನದ ಎರಡು ಸರ್ವರ್‌ಗಳಲ್ಲೇ ಮೌಂಟ್ ಆಗಿ, ಅಂದರೆ ಚಾಲ್ತಿಯಲ್ಲಿ, ಇರುತ್ತವೆ. ಎರಡೂ ಊರುಗಳ ನಡುವೆ ಬೇಲೂರು ಮಾರ್ಗವಾಗಿ ಬರುವ ಒಂದು ಫೈಬರ್ ಲಿಂಕ್ ಇದೆ. ಅದು ಕೈಕೊಟ್ಟರೆ ಬಳಸಲು ಕಡಿಮೆ ವೇಗದ ಒಂದು ವೈರ್‌ಲೆಸ್ ಲಿಂಕ್ ಇದೆ.

ಎಕ್ಸ್‌ಚೇಂಜ್ 2019ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಅದರ ಮುಂದಿನ ಆವೃತ್ತಿಯಾದ ಸಬ್‌ಸ್ಕ್ರಿಪ್ಷನ್ ಎಡಿಷನ್‌ಗೆ ಹೋಗಲೇಬೇಕೆಂದು ಲೆಕ್ಕಪರಿಶೋಧಕರು ಬರೆದಿದ್ದಾರೆ. ನಮ್ಮ ಆಡಳಿತದವರು ಇದನ್ನು ಇನ್ನೂ ‘ಸರ್ವಿಸ್ ಪ್ಯಾಕ್’ ಎಂದೇ ಕರೆಯುತ್ತಾರೆ, ನಾನೂ ಅದೇ ಮಾತಿಗೆ ಒಗ್ಗಿಹೋಗಿದ್ದೇನೆ. ಹಾಸನಾಂಬೆಯ ಬಾಗಿಲು ತೆರೆದಿದ್ದ ದಿನಗಳಲ್ಲಿ ಊರೆಲ್ಲ ಜನಜಂಗುಳಿ ಇದ್ದುದರಿಂದ ಆಗ ಕೈ ಹಾಕಲಿಲ್ಲ. ಈಗ ಅರೇಬಿಕಾ ಕೊಯ್ಲು ಶುರುವಾಗಿದೆ, ಬೆಳೆಗಾರರಿಗೆ ತೂಕದ ಮತ್ತು ಔಟ್‌ಟರ್ನ್ (ಸಂಸ್ಕರಿಸಿದ ಮೇಲೆ ಸಿಕ್ಕ ಕಾಫಿಯ ಪ್ರಮಾಣ) ವರದಿಗಳು ಮೇಲ್‌ನಲ್ಲೇ ಹೋಗುತ್ತವೆ. ನ್ಯೂಯಾರ್ಕ್ ಮಾರುಕಟ್ಟೆಯ ಅರೇಬಿಕಾ ವಹಿವಾಟು ನಮ್ಮ ಗಡಿಯಾರದಲ್ಲಿ ರಾತ್ರಿ 11ಕ್ಕೆ, ಅಲ್ಲಿಯ ಚಳಿಗಾಲದಲ್ಲಿ 12ಕ್ಕೆ ಮುಗಿಯುವುದರಿಂದ ವಾರದ ದಿನಗಳಲ್ಲಿ ನಡುರಾತ್ರಿಯವರೆಗೂ ರಫ್ತು ವಿಭಾಗಕ್ಕೆ ಮೇಲ್ ಬೇಕು. ಆದ್ದರಿಂದ ಒಂದು ಶನಿವಾರ ರಾತ್ರಿ 10ಕ್ಕೆ ಆರಂಭಿಸಿ ಭಾನುವಾರ ಬೆಳಿಗ್ಗೆಯೊಳಗೆ ಮುಗಿಸುವುದು ನನ್ನ ಯೋಜನೆ. ಹಾಸನದ ಮೊದಲ ಸರ್ವರ್, ಆಮೇಲೆ ಎರಡನೆಯದು, ಕೊನೆಗೆ ಚಿಕ್ಕಮಗಳೂರು. ಚಿಕ್ಕಮಗಳೂರಿನದು ನಮ್ಮ ಆಪತ್ಕಾಲದ ಸರ್ವರ್ ಆದ್ದರಿಂದ ಉಳಿದೆರಡು ಸರಿಯಾದವೆಂದು ಖಾತ್ರಿಯಾಗುವವರೆಗೆ ಅದನ್ನು ಮುಟ್ಟಬಾರದೆಂಬುದು ನನ್ನ ಲೆಕ್ಕ.

ಹಿಂದಿನ ಅಪ್‌ಡೇಟ್ ಮಾಡಿದ್ದ ಸಹೋದ್ಯೋಗಿ ಕೆಲಸ ಬಿಟ್ಟು ಹೋಗಿದ್ದಾರೆ. ಅವರು ಬಿಟ್ಟುಹೋದ ಟಿಪ್ಪಣಿಯಲ್ಲಿ ‘ಸೆಟಪ್ ಹಾಕಿದೆ, ರೀಸ್ಟಾರ್ಟ್ ಮಾಡಿದೆ, ಸರಿಯಾಗಿದೆ’ ಎಂಬ ಒಂದೇ ಸಾಲಿದೆ. ನನ್ನ ಅನುಕ್ರಮ ಸರಿಯೇ? ಅರ್ಧದಲ್ಲಿ ಏನಾದರೂ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳುವ ದಾರಿ ಇದೆಯೇ? ಈ ಕೆಲಸ ಮಾಡಿ ಅನುಭವ ಇರುವವರು ದಯವಿಟ್ಟು ತಿಳಿಸಬೇಕು.

ಉತ್ತರ 1 – ಚಿಕ್ಕಮಗಳೂರಿನಿಂದ

ನಮಸ್ಕಾರ ಸರ್. ಮೊದಲು ಹೆಸರಿನ ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ಆಡಳಿತದವರಿಗೆ ವಿವರಿಸುವಾಗ ಅದು ಉಪಯೋಗಕ್ಕೆ ಬರುತ್ತದೆ. ಎಕ್ಸ್‌ಚೇಂಜ್‌ನಲ್ಲಿ ಸರ್ವಿಸ್ ಪ್ಯಾಕ್ ಎಂಬ ಹೆಸರಿನಲ್ಲಿ ಕೊನೆಗೆ ಬಂದದ್ದು 2013ರ ಆವೃತ್ತಿಯ ಎಸ್‌ಪಿ1, ಅದು 2014ರ ಫೆಬ್ರವರಿಯಲ್ಲಿ ಬಂತು. ಈಗ ಬರುವುದೆಲ್ಲ ಕ್ಯುಮುಲೇಟಿವ್ ಅಪ್‌ಡೇಟ್. ಪ್ರತಿಯೊಂದು ಸಿಯು ಕೂಡ ಪೂರ್ತಿ ಎಕ್ಸ್‌ಚೇಂಜನ್ನೇ ಮತ್ತೆ ಹಾಕುವ ಸೆಟಪ್ ಆಗಿದ್ದು, ಹಳೆಯ ಬೈನರಿಗಳನ್ನು ತೆಗೆದು ಹೊಸದನ್ನು ಇಡುತ್ತದೆ. 2025ರ ಜುಲೈ 1ರಂದು ಬಂದ ಸಬ್‌ಸ್ಕ್ರಿಪ್ಷನ್ ಎಡಿಷನ್ ಕೋಡ್ ಲೆಕ್ಕದಲ್ಲಿ 2019ರ ಸಿಯು15ಕ್ಕೆ ಸಮಾನವಾಗಿರುವುದರಿಂದ, ಸಿಯು14ರಲ್ಲಿರುವ ನೀವು ಇರುವ ಸರ್ವರ್ ಮೇಲೆಯೇ ನೇರವಾಗಿ ಅದನ್ನು ಹಾಕಬಹುದು. ಹೊಸ ಯಂತ್ರಗಳಿಗೆ ಮೇಲ್‌ಬಾಕ್ಸ್ ಸಾಗಿಸುವ ಅಗತ್ಯ ಇಲ್ಲ.

ಹಿಂದಕ್ಕೆ ಹೋಗುವ ಪ್ರಶ್ನೆಗೆ ಉತ್ತರ ಕಹಿಯಾದದ್ದು. ಸಿಯು ಒಂದನ್ನೇ ಅನ್‌ಇನ್‌ಸ್ಟಾಲ್ ಮಾಡಲು ಬರುವುದಿಲ್ಲ. ಹಾಗೆ ಮಾಡಹೊರಟರೆ ಆ ಸರ್ವರ್‌ನಿಂದ ಎಕ್ಸ್‌ಚೇಂಜ್ ಪೂರ್ತಿ ಹೋಗುತ್ತದೆ. ಮುಂದಕ್ಕೆ ಹೋಗಿ ಸರಿಪಡಿಸಬೇಕು, ಇಲ್ಲವೇ ವಿಂಡೋಸನ್ನು ಹೊಸದಾಗಿ ಹಾಕಿ ಅದೇ ಹೆಸರು ಕೊಟ್ಟು ರಿಕವರ್‌ಸರ್ವರ್ ಆಯ್ಕೆಯಲ್ಲಿ ಸೆಟಪ್ ನಡೆಸಿ ಸರ್ವರನ್ನು ಮತ್ತೆ ಕಟ್ಟಬೇಕು. ವರ್ಚುವಲ್ ಯಂತ್ರದ ಸ್ನ್ಯಾಪ್‌ಶಾಟ್ ತೆಗೆದಿಟ್ಟು ಹಿಂದಕ್ಕೆ ತಿರುಗಿಸುತ್ತೇನೆಂದು ದಯವಿಟ್ಟು ಯೋಚಿಸಬೇಡಿ. ಡ್ಯಾಗ್ ಸದಸ್ಯರನ್ನು ಹಾಗೆ ಹಿಂದಿನ ಗಳಿಗೆಗೆ ತಂದರೆ ಕ್ಲಸ್ಟರ್‌ನಲ್ಲೂ ಡೇಟಾಬೇಸ್ ಪ್ರತಿಗಳಲ್ಲೂ ಲೆಕ್ಕ ತಪ್ಪುತ್ತದೆ, ಮೈಕ್ರೋಸಾಫ್ಟ್ ಅದನ್ನು ಬೆಂಬಲಿಸುವುದೂ ಇಲ್ಲ.

ಈಗ ನಿಮ್ಮ ಅನುಕ್ರಮಕ್ಕೆ ಬರುತ್ತೇನೆ. ನನ್ನ ಅಭಿಪ್ರಾಯದಲ್ಲಿ ಅದು ತಲೆಕೆಳಗಾಗಿದೆ. ಡ್ಯಾಗ್ ನಿಂತಿರುವುದು ವಿಂಡೋಸ್ ಕ್ಲಸ್ಟರ್ ಮೇಲೆ, ಕ್ಲಸ್ಟರ್ ನಿಂತಿರುವುದು ಕೋರಂ ಮೇಲೆ. ನಮ್ಮ ಸಹಕಾರ ಸಂಘದ ಮಹಾಸಭೆಗೆ ಕೋರಂ ಇಲ್ಲದಿದ್ದರೆ ಅಧ್ಯಕ್ಷರು ಎಷ್ಟೇ ಕೂಗಿದರೂ ನಿರ್ಣಯ ಆಗದಂತೆ, ಸರ್ವರ್‌ಗೊಂದರಂತೆ ಇರುವ ಮೂರು ಮತಗಳಲ್ಲಿ ಎರಡು ಒಟ್ಟಿಗೆ ಇಲ್ಲದಿದ್ದರೆ ಸರ್ವರ್ ಎಷ್ಟೇ ಆರೋಗ್ಯವಾಗಿದ್ದರೂ ಡೇಟಾಬೇಸ್‌ಗಳು ಡಿಸ್‌ಮೌಂಟ್ ಆಗುತ್ತವೆ. ಸದಸ್ಯರ ಸಂಖ್ಯೆ ಬೆಸವಾಗಿರುವ ನಿಮ್ಮ ಡ್ಯಾಗ್‌ನಲ್ಲಿ ಮತ ಸಮವಾದಾಗ ತೀರ್ಪಿಗೆಂದು ಇಡುವ ವಿಟ್ನೆಸ್ ಸರ್ವರ್‌ನ ಹೆಸರು ನಮೂದಾಗಿದ್ದರೂ ಅದಕ್ಕೆ ಮತವಿಲ್ಲ. ಚಿಕ್ಕಮಗಳೂರಿನ ಸರ್ವರನ್ನು ಕೆಳಗಿಳಿಸಿದಾಗ ಹಾಸನದ ಎರಡು ಮತಗಳು ಒಂದೇ ಕೊಠಡಿಯಲ್ಲಿರುತ್ತವೆ, ಬೇಲೂರಿನ ಬಳಿ ಫೈಬರ್ ತುಂಡಾದರೂ ಏನೂ ಆಗುವುದಿಲ್ಲ. ಹಾಸನದ ಒಂದನ್ನು ಕೆಳಗಿಳಿಸಿದಾಗ ಮಾತ್ರ ನಿಮ್ಮ ಕೋರಂ 60 ಕಿಲೋಮೀಟರಿನಷ್ಟು ಉದ್ದದ ಆ ಲಿಂಕ್‌ನ ಮೇಲೆ ನೇತಾಡುತ್ತಿರುತ್ತದೆ.

ಆದ್ದರಿಂದ ಬಳಕೆದಾರರಿಲ್ಲದ, ಕೋರಂಗೆ ಧಕ್ಕೆ ತರದ ಚಿಕ್ಕಮಗಳೂರಿನ ಸರ್ವರ್‌ನಿಂದಲೇ ಆರಂಭಿಸಿ. ಸೆಟಪ್‌ನಲ್ಲಿ ಬರುವ ತೊಂದರೆಗಳೆಲ್ಲ ಅಲ್ಲೇ ಮೊದಲು ಮುಖ ತೋರಿಸುತ್ತವೆ. ಆಪತ್ಕಾಲದ ಸರ್ವರನ್ನು ಮುಟ್ಟದೆ ಇಟ್ಟುಕೊಳ್ಳುವುದರಲ್ಲಿ ಎಚ್ಚರಿಕೆ ಇದೆಯೆಂದು ತೋರಿದರೂ, ಅಪಾಯವಿರುವ ಪ್ರಯೋಗವನ್ನು 400 ಜನ ಕೂತಿರುವ ಸರ್ವರ್ ಮೇಲೆ ಮಾಡಿದಂತಾಗುತ್ತದೆ.

ಉತ್ತರ 2 – ಹಾಸನದಿಂದ

ಮೇಲಿನವರು ಹೇಳಿದ ಅನುಕ್ರಮಕ್ಕೆ ನನ್ನ ಸಮ್ಮತಿ ಇದೆ, ಆದರೆ ಕೋರಂ ಬಗ್ಗೆ ಒಂದು ತಿದ್ದುಪಡಿ ಬೇಕು. ನಿರ್ವಹಣೆಗಾಗಿ ಕ್ಲಸ್ಟರ್ ನೋಡ್ ಅನ್ನು, ಅಂದರೆ ಸದಸ್ಯ ಸರ್ವರನ್ನು, ತಾತ್ಕಾಲಿಕವಾಗಿ ತಡೆದಿಟ್ಟ ಮಾತ್ರಕ್ಕೆ ಅದರ ಮತ ಹೋಗುವುದಿಲ್ಲ. ಅದರಲ್ಲಿ ಕ್ಲಸ್ಟರ್ ಸರ್ವಿಸ್ ನಡೆಯುತ್ತಿರುವವರೆಗೆ ಮತ ಇರುತ್ತದೆ. ಮತ ಹೋಗುವುದು ರೀಸ್ಟಾರ್ಟ್ ಮಾಡಿದಾಗ, ಇಲ್ಲವೇ ಸರ್ವರ್ ಮೇಲೇಳದೆ ಉಳಿದಾಗ. ಅಂದರೆ ನಿಜವಾದ ಅಪಾಯದ ಗಳಿಗೆ ಸೆಟಪ್ ನಡೆಯುವ ಎರಡು ಗಂಟೆಗಿಂತ ಅದರ ಹಿಂದು ಮುಂದಿನ ರೀಸ್ಟಾರ್ಟ್‌ಗಳಲ್ಲಿದೆ.

ಇನ್ನೊಂದು ಸೂಕ್ಷ್ಮವೂ ಇದೆ. ವಿಂಡೋಸ್ ಸರ್ವರ್ 2012ರಿಂದ ಡೈನಾಮಿಕ್ ಕೋರಂ ಎಂಬುದು ಬಂದಿದ್ದು, ಒಂದು ನೋಡ್ ಕ್ರಮವಾಗಿ ಶಟ್‌ಡೌನ್ ಆದಾಗ ಕ್ಲಸ್ಟರ್ ಅದರ ಮತವನ್ನು ತೆಗೆದುಹಾಕಿ, ಉಳಿದ ಎರಡರಲ್ಲಿ ಒಂದಕ್ಕೆ ಮಾತ್ರ ಮತ ಕೊಟ್ಟು ತಾನು ಬದುಕಿಕೊಳ್ಳಲು ನೋಡುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಹಾಸನದ ಒಂದು ಸರ್ವರ್ ರೀಸ್ಟಾರ್ಟ್ ಆಗುತ್ತಿರುವಾಗ ಆ ಒಂಟಿ ಮತ ಚಿಕ್ಕಮಗಳೂರಿನ ನೋಡ್‌ಗೆ ಸಿಕ್ಕಿದ್ದು, ಅದೇ ಹೊತ್ತಿಗೆ ಲಿಂಕ್ ಹೋದರೆ, ಮೇಲ್ ಮುಂದುವರಿಯುವುದು ಬಳಕೆದಾರರೇ ಇಲ್ಲದ ಚಿಕ್ಕಮಗಳೂರಿನಲ್ಲಿ. ಹಾಸನದಲ್ಲಿ ಎಲ್ಲವೂ ಡಿಸ್‌ಮೌಂಟ್. ರೀಸ್ಟಾರ್ಟ್‌ಗೆ ಮೊದಲೂ ಅನಂತರವೂ ಪವರ್‌ಶೆಲ್‌ನಲ್ಲಿ (ವಿಂಡೋಸ್‌ಗೆ ಆದೇಶ ಟೈಪ್ ಮಾಡಿ ಕೊಡುವ ಸಾಧನ) ಗೆಟ್-ಕ್ಲಸ್ಟರ್‌ನೋಡ್ ಆದೇಶ ಕೊಟ್ಟು ಪ್ರತಿ ನೋಡ್‌ನ ಡೈನಾಮಿಕ್‌ವೆಯ್ಟ್ ಮೌಲ್ಯ ನೋಡಿ, ಯಾರ ಕೈಯಲ್ಲಿ ಮತವಿದೆ ಎಂದು ಬರೆದಿಟ್ಟುಕೊಳ್ಳಿ. ಡೈನಾಮಿಕ್ ಕೋರಂ ಇರಲಿ, ಅದನ್ನು ಆಫ್ ಮಾಡಬೇಡಿ, ಆದರೆ ಅದು ಕಾಪಾಡುತ್ತದೆಂದು ಯೋಜನೆ ಹಾಕಬೇಡಿ.

ನಮ್ಮಲ್ಲಿ ಹಿಂದೊಮ್ಮೆ ಆದದ್ದನ್ನು ಹೇಳುತ್ತೇನೆ. ಸಂಸ್ಥೆಯ ಹೆಸರು ಬೇಡ. ಎರಡನೇ ಸರ್ವರ್‌ನಲ್ಲಿ ಸೆಟಪ್ ಅರ್ಧಕ್ಕೆ ನಿಂತಿತು. ಎಲ್ಲ ಯಂತ್ರಗಳಿಗೂ ಒಟ್ಟಿಗೆ ನಿಯಮ ಹಾಕುವ ಗ್ರೂಪ್ ಪಾಲಿಸಿಯ ಮೂಲಕ, ಸ್ಕ್ರಿಪ್ಟ್‌ಗಳು ಓಡಬಹುದೇ ಎಂದು ತೀರ್ಮಾನಿಸುವ ಪವರ್‌ಶೆಲ್‌ನ ಎಕ್ಸಿಕ್ಯೂಷನ್ ಪಾಲಿಸಿಯನ್ನು ಯಾರೋ ಬಿಗಿಗೊಳಿಸಿದ್ದರು, ಅದನ್ನು ನಾವು ಮೊದಲೇ ನೋಡಿರಲಿಲ್ಲ. ಸೆಟಪ್ ತನ್ನ ಕೆಲಸಕ್ಕಾಗಿ ಎಕ್ಸ್‌ಚೇಂಜ್ ಸರ್ವಿಸ್‌ಗಳನ್ನೆಲ್ಲ ಮೊದಲು ಡಿಸೇಬಲ್ ಮಾಡಿಕೊಳ್ಳುತ್ತದೆ, ಅರ್ಧಕ್ಕೆ ಬಿದ್ದರೆ ಅವು ಹಾಗೆಯೇ ಉಳಿಯುತ್ತವೆ. ನಡುರಾತ್ರಿ ಎರಡು ಗಂಟೆಗೆ ಸರ್ವಿಸ್‌ಗಳ ಪಟ್ಟಿಯ ತುಂಬ ‘ಡಿಸೇಬಲ್ಡ್’ ಎಂದು ಕಂಡಾಗ ನನ್ನ ಜೊತೆಗಿದ್ದ ಹುಡುಗ ಗಾಬರಿಯಿಂದ ಒಂದೊಂದನ್ನೇ ಆಟೋಮ್ಯಾಟಿಕ್‌ಗೆ ಬದಲಿಸತೊಡಗಿದ್ದ, ಅವನನ್ನು ತಡೆಯುವುದೇ ದೊಡ್ಡ ಕೆಲಸವಾಯಿತು. ಸಿ ಡ್ರೈವ್‌ನ ಎಕ್ಸ್‌ಚೇಂಜ್‌ಸೆಟಪ್‌ಲಾಗ್ಸ್ ಫೋಲ್ಡರ್‌ನಲ್ಲಿರುವ ಲಾಗ್‌ನ ಕೊನೆಯಿಂದ ಓದುತ್ತ ಬಂದರೆ ಕಾರಣ ಸಿಗುತ್ತದೆ. ಆ ಕಾರಣವನ್ನು ಸರಿಪಡಿಸಿ ಸೆಟಪ್ಪನ್ನು ಮತ್ತೆ ಓಡಿಸಿದರೆ ನಿಂತಲ್ಲಿಂದ ಮುಂದುವರಿದು, ಸರ್ವಿಸ್‌ಗಳನ್ನು ತಾನೇ ಸರಿಯಾದ ಸ್ಥಿತಿಗೆ ತರುತ್ತದೆ. ನಮ್ಮಲ್ಲೂ ಹಾಗೆಯೇ ಆಯಿತು.

ಆದರೂ ಬೆಳಿಗ್ಗೆ ಆ ಸರ್ವರ್‌ಗೆ ಮೇಲ್ ಹರಿಯಲಿಲ್ಲ. ಸರ್ವರ್‌ನ ಘಟಕಗಳನ್ನು ನಿಷ್ಕ್ರಿಯಗೊಳಿಸುವಾಗ ಯಾರು ಕೇಳಿದರು ಎಂಬುದನ್ನೂ ಎಕ್ಸ್‌ಚೇಂಜ್ ಬರೆದಿಟ್ಟುಕೊಳ್ಳುತ್ತದೆ. ನಾವು ‘ಮೇಂಟೆನೆನ್ಸ್’ ಹೆಸರಿನಲ್ಲಿ ಇನ್ಆ್ಯಕ್ಟಿವ್ ಮಾಡಿದ್ದೆವು, ಅರ್ಧಕ್ಕೆ ನಿಂತ ಸೆಟಪ್ ‘ಫಂಕ್ಷನಲ್’ ಎಂಬ ಹೆಸರಿನಲ್ಲೂ ಮಾಡಿತ್ತು. ನಾವು ನಮ್ಮ ಬೀಗ ತೆಗೆದರೂ ಇನ್ನೊಂದು ಬೀಗ ಹಾಗೇ ಇತ್ತು. ಇಬ್ಬರ ಹೆಸರಿನಲ್ಲೂ ಆ್ಯಕ್ಟಿವ್ ಮಾಡಿದ ಮೇಲೆಯೇ ಸರ್ವರ್ ಕೆಲಸಕ್ಕೆ ಬಂತು. ಇದು ಗೊತ್ತಿಲ್ಲದೆ ನಾವು ಫೈರ್‌ವಾಲ್, ಡಿಎನ್ಎಸ್ ಎಂದು ಮೂರು ಗಂಟೆ ಹುಡುಕಿದೆವು.

ಮೈಕ್ರೋಸಾಫ್ಟ್‌ನ ಎಕ್ಸ್‌ಚೇಂಜ್ ತಂಡವೇ ಬಿಡುಗಡೆ ಮಾಡಿರುವ ಹೆಲ್ತ್‌ಚೆಕರ್ ಮತ್ತು ಸೆಟಪ್‌ಅಸಿಸ್ಟ್ ಎಂಬ ಎರಡು ಸ್ಕ್ರಿಪ್ಟ್‌ಗಳಿವೆ. ಅವನ್ನು ಒಂದು ವಾರ ಮೊದಲೇ ಮೂರು ಸರ್ವರ್‌ಗಳಲ್ಲೂ ಓಡಿಸಿ. ಪ್ರಮಾಣಪತ್ರಗಳ ಅವಧಿಯನ್ನೂ ನೋಡಿ. ಎಕ್ಸ್‌ಚೇಂಜ್ ತಾನೇ ಸೃಷ್ಟಿಸಿಕೊಳ್ಳುವ ಆಥ್ ಸರ್ಟಿಫಿಕೇಟ್‌ನ ಆಯುಷ್ಯ 5 ವರ್ಷ. ಅದು ಮುಗಿದಿದ್ದರೆ ಅಪ್‌ಡೇಟ್ ಆದ ಮೇಲೆ ವೆಬ್ ಮೇಲ್‌ಗೆ ಲಾಗಿನ್ ಆಗುವುದಿಲ್ಲ, ನೀವು ತಪ್ಪನ್ನು ಅಪ್‌ಡೇಟ್‌ನಲ್ಲಿ ಹುಡುಕುತ್ತ ಕೂರುತ್ತೀರಿ.

ಉತ್ತರ 3 – ಸಕಲೇಶಪುರದಿಂದ

ಕ್ಲಸ್ಟರ್ ವಿಷಯದಲ್ಲಿ ಇಬ್ಬರೂ ಹೇಳಿದ ಮೇಲೆ ನಾನು ಸೇರಿಸುವುದಿಲ್ಲ. ತೂಕದ ವರದಿ ಮೇಲ್‌ನಲ್ಲಿ ಹೋಗುತ್ತದೆ ಎಂದಿದ್ದೀರಿ. ವೇಬ್ರಿಡ್ಜ್‌ನ ಕಂಪ್ಯೂಟರ್, ಸ್ಕ್ಯಾನರ್‌ಗಳು, ಲೆಕ್ಕಪತ್ರದ ತಂತ್ರಾಂಶ ಇವೆಲ್ಲ ಸಾಮಾನ್ಯವಾಗಿ ಮೊದಲ ಸರ್ವರ್‌ನ ಐಪಿ ವಿಳಾಸವನ್ನೇ ಹಿಡಿದುಕೊಂಡು ಕೂತಿರುತ್ತವೆ. ಡೇಟಾಬೇಸ್‌ಗಳನ್ನು ನೀವು ಎಷ್ಟು ನಾಜೂಕಾಗಿ ಸರಿಸಿದರೂ ಆ ಐಪಿ ಮಲಗಿದ ಕೂಡಲೇ ಇವುಗಳ ಮೇಲ್ ನಿಲ್ಲುತ್ತದೆ. ಔಟ್‌ಲುಕ್‌ನಲ್ಲಿ ಯಾರಿಗೂ ತೊಂದರೆ ಕಾಣದಿರುವುದರಿಂದ ಸೋಮವಾರ ಬೆಳೆಗಾರರು ಫೋನ್ ಮಾಡುವವರೆಗೆ ನಿಮಗೆ ತಿಳಿಯುವುದೂ ಇಲ್ಲ. ಈ ಯಂತ್ರಗಳಿಗಾಗಿ ಮಾಡಿದ ರಿಸೀವ್ ಕನೆಕ್ಟರ್ (ಸರ್ವರ್ ಮೇಲ್ ಸ್ವೀಕರಿಸುವ ದ್ವಾರ) ಡ್ಯಾಗ್‌ನ ಜೊತೆಗೆ ತಾನಾಗಿ ನಕಲಾಗುವ ವಸ್ತುವಲ್ಲ, ಸರ್ವರ್‌ಗೊಂದರಂತೆ ಕೈಯಿಂದಲೇ ಮಾಡಿರಬೇಕು.

ಬಳಕೆದಾರರನ್ನು ಸರ್ವರ್‌ಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್ ಇದ್ದರೆ ಅದು ಪ್ರತಿ ಸರ್ವರ್‌ನ ಹೆಲ್ತ್‌ಚೆಕ್ ಪುಟವನ್ನು ನೋಡುತ್ತಿದ್ದು, ಸರ್ವರ್‌ವೈಡ್‌ಆಫ್‌ಲೈನ್ ಘಟಕವನ್ನು ಇನ್ಆ್ಯಕ್ಟಿವ್ ಮಾಡಿದಾಗ ತಾನೇ ಆ ಸರ್ವರನ್ನು ಕೈಬಿಡುತ್ತದೆ. ಒಂದೇ ಹೆಸರಿಗೆ ಸರ್ವರ್‌ಗಳ ವಿಳಾಸಗಳನ್ನು ಸರದಿಯಂತೆ ಕೊಡುವ ಬರಿಯ ಡಿಎನ್ಎಸ್ ರೌಂಡ್ ರಾಬಿನ್ ಇದ್ದರೆ ಎರಡು ದಿನ ಮೊದಲೇ ಟಿಟಿಎಲ್ (ಆ ವಿಳಾಸವನ್ನು ಯಂತ್ರಗಳು ನೆನಪಿಡುವ ಅವಧಿ) ಅನ್ನು 5 ನಿಮಿಷಕ್ಕೆ ಇಳಿಸಿ, ಕೆಲಸಕ್ಕೆ ಅರ್ಧ ಗಂಟೆ ಮೊದಲು ಆ ಸರ್ವರ್‌ನ ವಿಳಾಸವನ್ನು ತೆಗೆಯಬೇಕಾಗುತ್ತದೆ.

ಮೂರನ್ನೂ ಒಂದೇ ರಾತ್ರಿ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಬೆಳಗಿನ ಐದಕ್ಕೆ ಮೂರನೇ ಸರ್ವರ್ ಹಿಡಿದುಕೊಂಡು ಕೂತವನ ತೀರ್ಮಾನಗಳ ಮೇಲೆ ನನಗೆ ನಂಬಿಕೆ ಇಲ್ಲ, ಅದು ನಾನೇ ಆಗಿದ್ದರೂ ಸರಿ.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದಗಳು. ಎರಡು ದಿನ ಕೂತು ಎಲ್ಲವನ್ನೂ ಪರಿಶೀಲಿಸಿದೆ. ಎರಡನೇ ಉತ್ತರ ಕೊಟ್ಟ ಮೇಡಂ ಹೇಳಿದ ಆಥ್ ಸರ್ಟಿಫಿಕೇಟ್ ಜನವರಿಯಲ್ಲಿ ಮುಗಿಯುತ್ತಿದೆ. ಈ ಸರ್ವರ್‌ಗಳನ್ನು ಕಟ್ಟಿದ್ದು 2021ರ ಜನವರಿಯಲ್ಲಿ. ವೇಬ್ರಿಡ್ಜ್‌ಗಾಗಿ ಮಾಡಿದ ಕನೆಕ್ಟರ್ ಮೊದಲ ಸರ್ವರ್‌ನಲ್ಲಿ ಮಾತ್ರ ಇದೆ, ಎರಡನೆಯದರಲ್ಲಿ ಇಲ್ಲವೇ ಇಲ್ಲ. ಹಿಂದಿನ ಅಪ್‌ಡೇಟ್‌ನ ರಾತ್ರಿ ತೂಕದ ವರದಿಗಳು ಹೇಗೆ ಹೋದವೋ, ಅಥವಾ ಹೋಗಲೇ ಇಲ್ಲವೋ, ಈಗ ಕೇಳಲು ಯಾರೂ ಇಲ್ಲ. ಇವೆಲ್ಲಕ್ಕಿಂತ ನಾನು ನಿರೀಕ್ಷಿಸದೇ ಇದ್ದದ್ದು ಸೆಟಪ್‌ಅಸಿಸ್ಟ್ ನಂತರ ಸಂಸ್ಥೆಯ ಖಾತೆಗಳ, ಯಂತ್ರಗಳ ದಾಖಲೆಯಾದ ಆ್ಯಕ್ಟಿವ್ ಡೈರೆಕ್ಟರಿಯನ್ನು ಕೆದಕುವಾಗ ಸಿಕ್ಕಿತು: ಹಳೆಯ ಎಕ್ಸ್‌ಚೇಂಜ್ 2013ರ ಒಂದು ಸರ್ವರ್‌ನ ಹೆಸರು ಅಲ್ಲಿ ಇನ್ನೂ ಇದೆ. ಯಂತ್ರ ಎರಡು ವರ್ಷದಿಂದ ಉಗ್ರಾಣದಲ್ಲಿ ಬಿದ್ದಿದೆ, ಎಕ್ಸ್‌ಚೇಂಜನ್ನು ಕ್ರಮವಾಗಿ ಅನ್‌ಇನ್‌ಸ್ಟಾಲ್ ಮಾಡದೆ ಪವರ್ ಕಿತ್ತು ಇಟ್ಟಿದ್ದಾರೆ.

ಪರಿಷ್ಕೃತ ಯೋಜನೆ ಹೀಗಿದೆ. ಜಿಎಸ್‌ಟಿಆರ್-1 ಸಲ್ಲಿಸುವ 11ನೇ ತಾರೀಕು, 3ಬಿ ಸಲ್ಲಿಸುವ 20ನೇ ತಾರೀಕು ಇವುಗಳ ಆಸುಪಾಸಿನ ವಾರಾಂತ್ಯಗಳನ್ನು ಬಿಡುತ್ತೇನೆ. ಮೊದಲ ವಾರಾಂತ್ಯದಲ್ಲಿ ಆ್ಯಕ್ಟಿವ್ ಡೈರೆಕ್ಟರಿಯ ಬ್ಯಾಕಪ್ ತೆಗೆದು, ಅದರ ರಚನೆಯನ್ನು ಬದಲಿಸಬಲ್ಲ ಸ್ಕೀಮಾ ಮಾಸ್ಟರ್ ಸರ್ವರ್ ಇರುವ ಸೈಟ್‌ನಿಂದ, ಡೈರೆಕ್ಟರಿಯನ್ನು ಹೊಸ ಆವೃತ್ತಿಗೆ ಸಜ್ಜುಗೊಳಿಸುವ ಪ್ರಿಪೇರ್‌ಎಡಿ ಹಂತವನ್ನು ಪ್ರತ್ಯೇಕವಾಗಿ ನಡೆಸಿ, ಆಮೇಲೆ ಚಿಕ್ಕಮಗಳೂರಿನ ಸರ್ವರನ್ನು ಮಾತ್ರ ಮುಗಿಸುತ್ತೇನೆ. ಅದನ್ನು ಒಂದು ವಾರ ಗಮನಿಸಿ, ಮುಂದಿನ ಅನುಕೂಲದ ಶನಿವಾರ ಹಾಸನದ ಎರಡನ್ನು ಮಾಡುತ್ತೇನೆ. ಹಾಸನ ಸೆಸ್ಕ್ ವ್ಯಾಪ್ತಿಗೂ ಚಿಕ್ಕಮಗಳೂರು ಮೆಸ್ಕಾಂ ವ್ಯಾಪ್ತಿಗೂ ಸೇರಿರುವುದರಿಂದ ಎರಡೂ ಕಡೆಯ ವಿದ್ಯುತ್ ನಿಲುಗಡೆಯ ಪ್ರಕಟಣೆಗಳನ್ನು ನೋಡಿಯೇ ದಿನ ನಿಗದಿ ಮಾಡುತ್ತೇನೆ. ಉಳಿದಿರುವ ಸಂದೇಹಗಳು ಎರಡು. ಒಂದು ವಾರ ಬೇರೆ ಬೇರೆ ಆವೃತ್ತಿಯ ಸರ್ವರ್‌ಗಳು ಒಂದೇ ಡ್ಯಾಗ್‌ನಲ್ಲಿ ಇರಬಹುದೇ? ಉಗ್ರಾಣದ 2013 ಸರ್ವರ್ ಇದಕ್ಕೆ ಅಡ್ಡಿಯಾಗುತ್ತದೆಯೇ?

ಉತ್ತರ 1 ಬರೆದವರು

ಎರಡನೆಯ ಸಂದೇಹಕ್ಕೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅಲ್ಲಿಯೇ ನಿಮ್ಮ ಕೆಲಸ ನಿಲ್ಲುತ್ತಿತ್ತು. ಸಂಸ್ಥೆಯಲ್ಲಿ ಎಕ್ಸ್‌ಚೇಂಜ್ 2013ರ ಸರ್ವರ್ ಇದೆಯೆಂದು ಆ್ಯಕ್ಟಿವ್ ಡೈರೆಕ್ಟರಿ ಹೇಳಿದರೆ 2019ರ ಸಿಯು15ರಿಂದ ಈಚೆಗೆ ಸೆಟಪ್ ಆರಂಭದ ಪರಿಶೀಲನೆಯಲ್ಲೇ ತಡೆಯುತ್ತದೆ. ಯಂತ್ರ ಉಗ್ರಾಣದಲ್ಲಿದೆಯೋ ಗುಜರಿಯಲ್ಲಿದೆಯೋ ಅದಕ್ಕೆ ತಿಳಿಯುವುದಿಲ್ಲ. ಆ ಯಂತ್ರ ಇನ್ನೂ ಚಾಲೂ ಆಗುವಂತಿದ್ದರೆ ಮೇಲಕ್ಕೆ ತಂದು, ಅದರಲ್ಲಿ ಮೇಲ್‌ಬಾಕ್ಸ್ ಏನೂ ಉಳಿದಿಲ್ಲವೆಂದು ನೋಡಿ, ಎಕ್ಸ್‌ಚೇಂಜನ್ನು ಕ್ರಮವಾಗಿಯೇ ಅನ್‌ಇನ್‌ಸ್ಟಾಲ್ ಮಾಡಿ. ಆ್ಯಕ್ಟಿವ್ ಡೈರೆಕ್ಟರಿಯನ್ನು ನೇರವಾಗಿ ತಿದ್ದುವ ಎಡಿಎಸ್‌ಐ ಎಡಿಟ್‌ನಲ್ಲಿ ಹೆಸರನ್ನು ಅಳಿಸಿಹಾಕುವುದು ಯಂತ್ರ ಸತ್ತೇ ಹೋಗಿದ್ದರೆ ಮಾತ್ರ ಹಿಡಿಯಬೇಕಾದ ದಾರಿ.

ಬೇರೆ ಬೇರೆ ಮಟ್ಟದ ಸದಸ್ಯರು ಒಂದೇ ಡ್ಯಾಗ್‌ನಲ್ಲಿ ಇರುವುದಕ್ಕೆ ಅಪ್‌ಗ್ರೇಡ್ ನಡೆಯುವ ಕಾಲದಲ್ಲಿ ಅವಕಾಶ ಇದೆ, ಅದನ್ನೇ ಕಾಯಂ ಮಾಡಿಕೊಳ್ಳಬಾರದು ಅಷ್ಟೆ. ಎಕ್ಸ್‌ಚೇಂಜ್ 2010ರ ಕಾಲದಲ್ಲಿ ಹೊಸ ಸರ್ವಿಸ್ ಪ್ಯಾಕ್ ಹಾಕಿದ ಸರ್ವರ್‌ನಲ್ಲಿ ಡೇಟಾಬೇಸ್ ಒಮ್ಮೆ ಮೌಂಟ್ ಆಯಿತೆಂದರೆ ಹಳೆಯ ಸರ್ವರ್‌ಗೆ ಹಿಂತಿರುಗಿಸುವ ದಾರಿ ಇರಲಿಲ್ಲ. ಈಗಿನ ಆವೃತ್ತಿಗಳಲ್ಲಿ ಡ್ಯಾಗ್‌ನ ಸದಸ್ಯರೆಲ್ಲರೂ ಮೇಲೆ ಬರುವವರೆಗೆ ಡೇಟಾಬೇಸ್‌ನ ಸ್ಕೀಮಾ (ಒಳರಚನೆ) ಬದಲಾಗದೆ ಕಾಯುತ್ತದೆ. ಆ ವಾರದಲ್ಲಿ ಒಂದು ಚಿಕ್ಕ ಡೇಟಾಬೇಸನ್ನು, ಐಟಿ ವಿಭಾಗದವರದ್ದೇ ಆದರೆ ಒಳ್ಳೆಯದು, ಒಂದು ದಿನ ಚಿಕ್ಕಮಗಳೂರಿನಲ್ಲಿ ಮೌಂಟ್ ಮಾಡಿ ನಡೆಸಿ ನೋಡಿ. ಒಂದು ವಾರಕ್ಕಿಂತ ಹೆಚ್ಚು ಕಾಯಬೇಡಿ. ಬೆಂಬಲ ಮುಗಿದ ಆವೃತ್ತಿಯಲ್ಲಿ ಮೇಲ್ ಸರ್ವರನ್ನು ಇಂಟರ್‌ನೆಟ್‌ಗೆ ತೆರೆದಿಟ್ಟುಕೊಂಡು ಇನ್ನೂ ಪರೀಕ್ಷೆ ಮಾಡುತ್ತೇವೆ ಎನ್ನುವುದನ್ನು ನಾನು ಎಚ್ಚರಿಕೆ ಎಂದು ಕರೆಯುವುದಿಲ್ಲ.

ಹಾಸನದ ಸರದಿ ಬಂದಾಗ, ಪ್ರತಿಗಳ ಕಾಪಿ ಕ್ಯೂ (ಇನ್ನೂ ನಕಲಾಗಬೇಕಾದ ಲಾಗ್‌ಗಳ ಸಾಲು) ಮತ್ತು ರೀಪ್ಲೇ ಕ್ಯೂ (ನಕಲಾಗಿಯೂ ಪ್ರತಿಗೆ ಸೇರದ ಲಾಗ್‌ಗಳ ಸಾಲು) ಸೊನ್ನೆಯ ಹತ್ತಿರ ಇರುವುದನ್ನು ನೋಡಿದ ಮೇಲೆಯೇ ಡೇಟಾಬೇಸ್‌ಗಳನ್ನು ಸರಿಸಿ. ಮೇಲ್ ಸಾಗಣೆಯನ್ನು ಮೊದಲು ಡ್ರೈನಿಂಗ್ ಸ್ಥಿತಿಗೆ (ಹೊಸದನ್ನು ತೆಗೆದುಕೊಳ್ಳದೆ ಇರುವುದನ್ನು ಖಾಲಿ ಮಾಡುವುದು) ತಂದು, ಸರದಿಯಲ್ಲಿ ನಿಂತ ಪತ್ರಗಳನ್ನು ಪಕ್ಕದ ಸರ್ವರ್‌ಗೆ ತಿರುಗಿಸಿ. ಆಮೇಲೆ ನೋಡ್ ಅನ್ನು ತಾತ್ಕಾಲಿಕವಾಗಿ ತಡೆದಿಟ್ಟು, ಡೇಟಾಬೇಸ್‌ಗಳನ್ನು ಹೊರಡಿಸಿ, ಸ್ವಯಂಚಾಲಿತವಾಗಿ ಮರಳಿ ಬರುವುದನ್ನು ಬ್ಲಾಕ್ ಮಾಡಿ. ಕೆಲಸ ಮುಗಿದ ಮೇಲೆ ಇದೇ ಹೆಜ್ಜೆಗಳನ್ನು ಹಿಂದಿನಿಂದ ಮುಂದಕ್ಕೆ ಬಿಚ್ಚುತ್ತ ಬನ್ನಿ. ಬ್ಲಾಕ್ ತೆಗೆಯುವುದನ್ನು ಎಲ್ಲರೂ ಮರೆಯುತ್ತಾರೆ. ಮುಂದಿನ ತಿಂಗಳು ಒಂದು ಸರ್ವರ್ ಬಿದ್ದಾಗ ಇನ್ನೊಂದು ಏಕೆ ವಹಿಸಿಕೊಳ್ಳಲಿಲ್ಲ ಎಂದು ಆಗ ಯೋಚಿಸುತ್ತಾರೆ.

ಉತ್ತರ 2 ಬರೆದವರು

ಆಥ್ ಸರ್ಟಿಫಿಕೇಟನ್ನು ಅಪ್‌ಗ್ರೇಡ್‌ನ ರಾತ್ರಿಯೇ ಬದಲಿಸಬೇಡಿ, ಒಂದು ವಾರ ಮೊದಲೇ ಬದಲಿಸಿ. ಎರಡನ್ನೂ ಒಟ್ಟಿಗೆ ಮಾಡಿದರೆ ಲಾಗಿನ್ ಕೆಟ್ಟಾಗ ತಪ್ಪು ಯಾವುದರದೆಂದು ತಿಳಿಯುವುದಿಲ್ಲ. ಹಾಗೆಯೇ ವೆಬ್ ಮೇಲ್ ಪುಟದಲ್ಲಿ ನಿಮ್ಮ ಸಂಸ್ಥೆಯ ಲಾಂಛನ ಹಾಕಿದ್ದರೆ, ವೆಬ್.ಕಾನ್ಫಿಗ್ ಕಡತಗಳಲ್ಲಿ ಏನಾದರೂ ತಿದ್ದಿದ್ದರೆ, ಅವುಗಳ ನಕಲು ತೆಗೆದಿಡಿ. ಸೆಟಪ್ ಅವನ್ನೆಲ್ಲ ಅಳಿಸಿ ತನ್ನದನ್ನು ಬರೆಯುತ್ತದೆ.

ಫೈಬರ್ ಒದಗಿಸುವವರಿಗೆ ಆ ಶನಿವಾರ ಬೇಲೂರು ರಸ್ತೆಯಲ್ಲಿ ಅಗೆಯುವ ಕೆಲಸ ಏನಾದರೂ ಇದೆಯೇ ಎಂದು ಲಿಖಿತವಾಗಿಯೇ ಕೇಳಿ. ವೈರ್‌ಲೆಸ್ ಲಿಂಕ್‌ನಲ್ಲಿ ಕ್ಲಸ್ಟರ್‌ನ ಹೃದಯಬಡಿತ (ಸರ್ವರ್‌ಗಳು ತಾವು ಜೀವಂತವೆಂದು ಪರಸ್ಪರ ಕಳಿಸುವ ಸಂಕೇತ) ದಾಟುತ್ತದೆಯೇ ಎಂಬುದನ್ನು ಹಿಂದಿನ ವಾರವೇ, ಚಿಕ್ಕಮಗಳೂರಿನ ಸರ್ವರ್ ಮುಗಿದ ಮೇಲೆ, ಫೈಬರನ್ನು ಹತ್ತು ನಿಮಿಷ ತೆಗೆದು ಪರೀಕ್ಷಿಸಿ. ಹಾಸನದ ಎರಡೂ ಆಗ ಮೇಲಿರುವುದರಿಂದ ಆ ಪರೀಕ್ಷೆಯಲ್ಲಿ ಕಳೆದುಕೊಳ್ಳುವುದೇನೂ ಇಲ್ಲ.

ಪ್ರಶ್ನೆ ಕೇಳಿದವರು

ಆಗಲಿ ಮೇಡಂ, ಹಾಗೆಯೇ ಮಾಡುತ್ತೇನೆ. ಉಗ್ರಾಣದ ಯಂತ್ರಕ್ಕೆ ಈ ಮಧ್ಯಾಹ್ನ ಪವರ್ ಕೊಟ್ಟು ನೋಡಿದೆ. ಧೂಳು ಒರೆಸುವುದಕ್ಕೇ ಅರ್ಧ ಗಂಟೆ ಹಿಡಿಯಿತು, ಆದರೆ ಚಾಲೂ ಆಯಿತು. ಇಷ್ಟು ದಿನ ಡೊಮೇನ್‌ನಿಂದ ದೂರವಿದ್ದುದರಿಂದ ಅದರ ಕಂಪ್ಯೂಟರ್ ಖಾತೆಯ ಗುಪ್ತಪದ ಹೊಂದುತ್ತಿಲ್ಲ. ಅದನ್ನು ಮೊದಲು ಸರಿಪಡಿಸಿಕೊಂಡು ಅನ್‌ಇನ್‌ಸ್ಟಾಲ್‌ಗೆ ಕೈ ಹಾಕುತ್ತೇನೆ. ಅದು ಮುಗಿದ ಮೇಲೆಯೇ ಚಿಕ್ಕಮಗಳೂರಿನ ದಿನಾಂಕವನ್ನು ಆಡಳಿತದವರಿಗೆ ಕೊಡುತ್ತೇನೆ.